ಗೋದಲಿಗೆ ನಮ್ಮ ಮಣ್ಣು

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಆ ದಿನ ದೇವರ ಜಗಲಿಯ ಮೇಲೆ ಹಸಿಮಣ್ಣಿನ ಜೋಡೆತ್ತು ಬಂದು ನಿಲ್ಲುತ್ತವೆ. ಎತ್ತುಗಳ ಮುಂದೆ ಅದೇ ಮಣ್ಣಿನ ಪುಟ್ಟ ಗೋದಲಿ. ನಮ್ಮ ಬಾಯಲ್ಲಿ ಅದು ಗ್ವಾದ್ಲಿ. ಆರು ತಿಂಗಳ ನಂತರ, ಡಿಸೆಂಬರಿನಲ್ಲಿ, ಕ್ರೈಸ್ತರ ಮನೆಗಳಲ್ಲಿ ಮತ್ತು ಚರ್ಚುಗಳಲ್ಲಿ ಇನ್ನೊಂದು ಗೋದಲಿ ಸಿದ್ಧವಾಗುತ್ತದೆ. ಅಲ್ಲಿಯೂ ಎತ್ತು ಇದೆ, ಹುಲ್ಲು ಇದೆ. ಹುಲ್ಲಿನ ಮೇಲೆ ಒಂದು ಕೂಸು ಮಲಗುತ್ತದೆ. ಈ ಎರಡು ಗೋದಲಿಗಳನ್ನು ಕಟ್ಟುವ ಕೈಗಳು ಒಂದನ್ನೊಂದು ಬಲ್ಲವಾದರೆ ಎಂಥ ಚೆಲುವು ಹುಟ್ಟೀತು ಎಂಬುದೇ ಈ ಬರಹದ ಆಸೆ.

ಕ್ರಿಸ್ಮಸ್ ಗೋದಲಿಯ ಕಥೆ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಹಳ್ಳಿಯಿಂದ ಹೊರಡುತ್ತದೆ. 1223ರ ಡಿಸೆಂಬರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಅಲ್ಲಿ ಹುಲ್ಲು ತುಂಬಿದ ಗೋದಲಿ ಇಡಿಸಿದರು, ಜೀವಂತ ಎತ್ತು ಮತ್ತು ಕತ್ತೆಯನ್ನು ತಂದು ಕಟ್ಟಿಸಿದರು. ಊರವರು ಪಂಜು ಹಿಡಿದು ರಾತ್ರಿ ಬೆಟ್ಟ ಹತ್ತಿದರು. ಗೊಂಬೆಗಳಿರಲಿಲ್ಲ. ಬಡತನದಲ್ಲಿ ಹುಟ್ಟಿದ ಕೂಸು ಹೇಗೆ ಮಲಗಿತ್ತೆಂದು ಜನ ಕಣ್ಣಾರೆ ಕಾಣಲಿ ಎಂಬುದಷ್ಟೇ ಫ್ರಾನ್ಸಿಸರ ಬಯಕೆ. ಫ್ರಾನ್ಸಿಸರ ಮೊದಲ ಚರಿತ್ರೆಕಾರ ಚೆಲಾನೊದ ಥಾಮಸ್ ಇನ್ನೊಂದು ಮಾತು ಬರೆದಿಟ್ಟಿದ್ದಾನೆ: ಆ ರಾತ್ರಿಯ ಹುಲ್ಲನ್ನು ಜನ ಕಾದಿಟ್ಟುಕೊಂಡರು, ಬೇನೆ ಬಿದ್ದ ದನಗಳಿಗೆ ತಿನ್ನಿಸಿದರು, ದನಗಳು ಗುಣವಾದವು. ಅಂಗಾರವನ್ನೂ ಭಂಡಾರವನ್ನೂ ದನದ ಹಣೆಗೆ ಹಚ್ಚುವ ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎತ್ತಿನ ಸಂಗತಿಯಂತೂ ಇನ್ನೂ ಹಳೆಯದು. ಲೂಕನ ಸುವಾರ್ತೆಯಲ್ಲಿ ಗೋದಲಿಯ ಮಾತಿದೆ, ಎತ್ತು ಮತ್ತು ಕತ್ತೆಯ ಮಾತಿಲ್ಲ. ಒಡೆಯನನ್ನು ಎತ್ತು ಬಲ್ಲದು, ತನ್ನ ಗೋದಲಿಯನ್ನು ಕತ್ತೆ ಬಲ್ಲದು ಎಂಬರ್ಥದ ಯೆಶಾಯನ ಪ್ರವಾದನೆಯಿಂದ ಆ ಎರಡೂ ಪ್ರಾಣಿಗಳು ಕಥೆಯೊಳಗೆ ನಡೆದುಬಂದವು. ಹಾಗೆ ಬಂದವು ಎಷ್ಟು ಗಟ್ಟಿಯಾಗಿ ನಿಂತವೆಂದರೆ, ನಾಲ್ಕನೇ ಶತಮಾನದ ಕೆಲವು ಶಿಲ್ಪಗಳಲ್ಲಿ ತಾಯಿ ಮರಿಯಳೂ ಇಲ್ಲ, ಯೋಸೇಫನೂ ಇಲ್ಲ. ಬಟ್ಟೆ ಸುತ್ತಿದ ಕೂಸು, ಅದರ ಎರಡೂ ಮಗ್ಗುಲಿಗೆ ಎತ್ತು ಮತ್ತು ಕತ್ತೆ, ಅಷ್ಟೇ. ಮಿಲಾನ್ ನಗರದ ಸಂತ ಅಂಬ್ರೋಸ್ ಚರ್ಚಿನಲ್ಲಿರುವ ಕಲ್ಲಿನ ಶವಪೆಟ್ಟಿಗೆಯೊಂದರ ಮೇಲೆ ಅಂಥ ಕೆತ್ತನೆ ಇಂದಿಗೂ ಇದೆ. ಮಣ್ಣೆತ್ತು ಪೂಜಿಸುವ ಊರಿನವನು ಅದರ ಎದುರು ನಿಂತರೆ ಅಪರಿಚಿತ ಎನ್ನಿಸದು.

ನನಗೆ ಇದಕ್ಕಿಂತ ಹಿರಿದಾಗಿ ಕಂಡದ್ದು ಮನೆಯ ಸಂಗತಿ. ಯುರೋಪಿನ ಚಿತ್ರಕಾರರು ಯೇಸು ಹುಟ್ಟಿದ ಜಾಗವನ್ನು ಊರ ಹೊರಗಿನ ಹಾಳು ಕೊಟ್ಟಿಗೆಯಂತೆ ಬರೆದರು. ಬೆತ್ಲೆಹೇಮಿನ ಸುತ್ತಿನ ರೈತರ ಮನೆಗಳನ್ನು ಬಲ್ಲ ಕೆನೆತ್ ಬೈಲಿ ಎಂಬ ವಿದ್ವಾಂಸರು ಬೇರೆಯೇ ನಕ್ಷೆ ಕೊಡುತ್ತಾರೆ. ಅಲ್ಲಿ ಮನುಷ್ಯರು ಮತ್ತು ದನಗಳು ಒಂದೇ ಸೂರಿನಡಿ ಇರುತ್ತಿದ್ದರು. ಬಾಗಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ಜಾಗ. ಎರಡು ಮೆಟ್ಟಿಲು ಹತ್ತಿದರೆ ಮನೆಮಂದಿ ಮಲಗುವ ಎತ್ತರದ ಕಟ್ಟೆ. ಅದರ ಅಂಚಿನಲ್ಲೇ ಗೋದಲಿ. ಅತಿಥಿಗಳ ಕೋಣೆ ತುಂಬಿತ್ತು, ಆದ್ದರಿಂದ ಬಸುರಿಯನ್ನು ಮನೆಯವರು ತಮ್ಮ ನಡುವೆಯೇ ಕರೆದುಕೊಂಡರು, ಕೂಸಿಗೆ ಬೆಚ್ಚಗಿನ ಜಾಗವೆಂದು ಗೋದಲಿ ಕೊಟ್ಟರು ಎಂಬುದು ಬೈಲಿಯವರ ವಾದ.

ಹಳೆಯ ಅಂಕಣದ ಮನೆ ನೋಡಿದವರು ಈ ನಕ್ಷೆಯನ್ನು ಕೂಡಲೇ ಗುರುತಿಸುತ್ತಾರೆ. ಕೃಷ್ಣೆಯ ದಂಡೆಯ ಊರುಗಳಲ್ಲಿ ತಲೆಬಾಗಿಲು ದಾಟಿದೊಡನೆ ಒಂದು ಮಗ್ಗುಲಿಗೆ ದನ, ಅವುಗಳ ಮುಂದೆ ಮಣ್ಣು ಕಲ್ಲಿನ ಗೋದಲಿ, ಮೇಲೆ ಕಟ್ಟೆ. ಕಟ್ಟೆಯ ಮೇಲೆ ಮಲಗಿದವರಿಗೆ ರಾತ್ರಿಯೆಲ್ಲ ಎತ್ತಿನ ಕೊರಳ ಗಂಟೆ ಮತ್ತು ಕಣಿಕೆ ಅಗಿಯುವ ಸದ್ದು. ಆಡುವ ಕೂಸನ್ನು ಖಾಲಿ ಗೋದಲಿಯಲ್ಲಿ ಕೌದಿ ಹಾಸಿ ಕೂರಿಸಿ ತಾಯಿ ಹಿಂಡಿ ಕಲಸುವುದನ್ನು ನಾನು ಸಣ್ಣವನಿದ್ದಾಗ ನೋಡಿದ್ದೇನೆ. ಅದು ಅವಮಾನದ ಜಾಗವಾಗಿರಲಿಲ್ಲ. ನಾಲ್ಕೂ ಕಡೆ ತಡೆ, ಒಳಗೆ ಮೆತ್ತಗಿನ ಹುಲ್ಲು, ಎತ್ತಿನ ಬಿಸಿ ಉಸಿರು. ಸುವಾರ್ತೆಯ ಆ ಒಂದು ಸಾಲನ್ನು ನಮ್ಮ ಕಡೆಯವರು ದೊಡ್ಡ ದೊಡ್ಡ ವರ್ಣಚಿತ್ರಗಾರರಿಗಿಂತ ಸರಿಯಾಗಿ ಓದಬಲ್ಲರು ಎಂದು ನಾನು ನಂಬಿದ್ದೇನೆ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ಕೆಳಗೆ ಹಲಗೆ, ಅದರ ಮೇಲೆ ಇಟ್ಟಂಗಿ ಚೂರು ಮತ್ತು ಕಲ್ಲು. ಗುಡ್ಡ ಬೇಕೆಂದರೆ ಹಳೆಯ ಗೋಣಿಚೀಲವನ್ನು ತೆಳು ರಾಡಿಯಲ್ಲಿ ಅದ್ದಿ ಇಟ್ಟಂಗಿಗಳ ಮೇಲೆ ಹೊದಿಸಬೇಕು. ಒಣಗಿದಾಗ ಅದು ಮಡಿಕೆ ಮಡಿಕೆಯಾಗಿ ಗಟ್ಟಿಯಾಗುತ್ತದೆ, ಬಣ್ಣವೇ ಬೇಡ. ಗೊಂಬೆಗೆ ಎರೆಮಣ್ಣು ಒಂದನ್ನೇ ಹಚ್ಚಿದರೆ ಒಣಗುವಾಗ ಸೀಳುತ್ತದೆ. ನಾದುವಾಗ ಹತ್ತಿಯ ಎಳೆ ಅಥವಾ ಜರಡಿ ಹಿಡಿದ ಕುದುರೆಲದ್ದಿ ಸೇರಿಸಬೇಕು, ನೆರಳಿನಲ್ಲೇ ಒಣಗಿಸಬೇಕು. ಎತ್ತು ಮಾಡುವಾಗ ಮೊದಲು ಮೈ, ಆಮೇಲೆ ಇಣಿ, ಕೊನೆಗೆ ಕೊಂಬು. ಕೊಂಬಿನೊಳಗೆ ಕಡ್ಡಿಯ ಚೂರು ಇಟ್ಟರೆ ಮುರಿಯುವುದಿಲ್ಲ. ಕಣ್ಣಿಗೆ ಜೋಳದ ಕಾಳು ಒತ್ತಿದರೆ ಸಾಕು, ಎತ್ತು ನೋಡತೊಡಗುತ್ತದೆ. ಸೂರಿಗೆ ಕಬ್ಬಿನ ರವದಿಗಿಂತ ಒಳ್ಳೆಯದಿಲ್ಲ, ಡಿಸೆಂಬರಿನಲ್ಲಿ ಅದಕ್ಕೆ ಬರವೂ ಇಲ್ಲ.

ಹಸಿರಿಗೆ ಮಾತ್ರ ಮುಂಚೆಯೇ ಕೈಹಚ್ಚಬೇಕು. ಗೋವಾ ಮತ್ತು ಮಂಗಳೂರಿನ ಕ್ರೈಸ್ತರು ತಟ್ಟೆಯಲ್ಲಿ ರಾಗಿಯನ್ನೋ ಗೋಧಿಯನ್ನೋ ಬಿತ್ತಿ ಮೊಳಕೆಯ ಹಾಸು ಬೆಳೆಸುತ್ತಾರೆ. ನವರಾತ್ರಿಯಲ್ಲಿ ಘಟ ಹಾಕಿ ಸಸಿ ಬೆಳೆಸುವ ನಮ್ಮ ಹೆಣ್ಣುಮಕ್ಕಳಿಗೆ ಇದು ಕಲಿಸಿಕೊಡುವ ವಿದ್ಯೆಯಲ್ಲ. ಇನ್ನೊಂದು ಕಟ್ಟಳೆ ಇದೆ, ಅದು ನನಗೆ ತುಂಬ ಹಿಡಿಸಿದ್ದು: ಎಲ್ಲ ಸಿದ್ಧವಾದರೂ 24ರ ನಡುರಾತ್ರಿಯವರೆಗೆ ಗೋದಲಿ ಖಾಲಿ ಇರಬೇಕು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಕಾಯುವ ಕಾಲ. ಮೂಡಣದ ಜ್ಞಾನಿಗಳ ಗೊಂಬೆಗಳನ್ನು ಕೆಲವರು ಕೋಣೆಯ ಇನ್ನೊಂದು ಮೂಲೆಯಲ್ಲಿಟ್ಟು ದಿನಕ್ಕಷ್ಟು ಮುಂದೆ ಸರಿಸುತ್ತ ಜನವರಿ 6ಕ್ಕೆ ಗೋದಲಿಗೆ ಮುಟ್ಟಿಸುತ್ತಾರೆ. ಭಕ್ತಿಗೆ ಮಕ್ಕಳ ಕೈಯಿಂದ ಇಷ್ಟು ಕೆಲಸ ಮಾಡಿಸುವ ಹಬ್ಬ ಅಪರೂಪ.

ಗೊಂಬೆಗಳು ಯಾರಂತಿರಬೇಕು? ಇಲ್ಲಿಯೇ ನನಗೆ ಕಳಕಳಿ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸೆಟ್ಟಿನಲ್ಲಿ ಎಲ್ಲರೂ ಬಿಳಿ ಮುಖ, ಚಿನ್ನದ ಕೂದಲು. ಆದರೆ ಗೋದಲಿಯ ಕಲೆ ದೊಡ್ಡದಾದದ್ದು ಆಯಾ ಊರಿನವರು ತಮ್ಮನ್ನೇ ಅದರೊಳಗೆ ಇಟ್ಟುಕೊಂಡಾಗ. ನೇಪಲ್ಸ್ ನಗರದ ಕುಶಲಿಗರು ಮೀನು ಮಾರುವವಳನ್ನೂ ರೊಟ್ಟಿ ಸುಡುವವನನ್ನೂ ಗೋದಲಿಯ ಬೀದಿಗೆ ತಂದರು. ಸಾನ್ ಗ್ರೆಗೋರಿಯೊ ಅರ್ಮೆನೊ ಎಂಬ ಅಲ್ಲಿನ ಓಣಿ ಇಂದಿಗೂ ಆ ಗೊಂಬೆಗಳ ಕೆಲಸದಿಂದಲೇ ಹೆಸರಾಗಿದೆ. ಫ್ರೆಂಚ್ ಕ್ರಾಂತಿಯಲ್ಲಿ ಚರ್ಚುಗಳಿಗೆ ಬೀಗ ಬಿದ್ದಾಗ ಪ್ರೊವೆನ್ಸಿನ ಜನ ಮನೆಯಲ್ಲೇ ಸಣ್ಣ ಮಣ್ಣಿನ ಗೊಂಬೆ ಮಾಡಿ ಹಬ್ಬ ಉಳಿಸಿಕೊಂಡರು. ನಮ್ಮ ದೇಶದಲ್ಲಿ ಗೋವಾದ ಆಂಜೆಲೊ ದ ಫೊನ್ಸೆಕಾ ಶಾಂತಿನಿಕೇತನದಲ್ಲಿ ಕಲಿತು ಮರಿಯಳಿಗೆ ಸೀರೆ ಉಡಿಸಿ ಚಿತ್ರಿಸಿದರು. ಊರಿನಲ್ಲಿ ವಿರೋಧ ಬಂದಾಗ ಪುಣೆಯ ಆಶ್ರಮವೊಂದರಲ್ಲಿ ನೆಲೆ ನಿಂತು 1967ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಬರೆದರು. ಬೆಂಗಳೂರಿನ ಹತ್ತಿರದ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿ ಅವರೂ ಆ ದಾರಿಯವರು.

ಹಾಗಾದರೆ ನಮ್ಮ ತಾಲ್ಲೂಕುಗಳ ಗೋದಲಿಯಲ್ಲಿ ಯಾರಿರಬೇಕು? ಮೊದಲು ಕುರಿಗಾರರು. ದೇವದೂತನ ಸುದ್ದಿ ಮೊದಲು ಮುಟ್ಟಿದ್ದು ರಾತ್ರಿ ಹೊಲದಲ್ಲಿ ಹಿಂಡು ಕಾಯುತ್ತಿದ್ದವರಿಗೆ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸಿ, ಕರಿ ಕಂಬಳಿ ಹೊದ್ದು, ನಾಯಿ ಕಟ್ಟಿಕೊಂಡು ಬಯಲಲ್ಲೇ ಮಲಗುವ ನಮ್ಮ ಕುರುಬರು ಸುವಾರ್ತೆಯ ಪುಟದಿಂದ ಎದ್ದು ಬಂದವರೇ. ಕಾಣಿಕೆ ತರುವವರ ಸಾಲಿನಲ್ಲಿ ಅಥಣಿಯ ಸಮಗಾರನೊಬ್ಬ ಸಣ್ಣ ಜೊತೆ ಚಪ್ಪಲಿ ಹಿಡಿದು ನಿಲ್ಲಲಿ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ನಮ್ಮ ನಾಲ್ಕು ಜಿಲ್ಲೆಗಳಿವೆ, ಆ ಕೆಲಸದ ಗೌರವ ಅವನಿಗೆ ಸಲ್ಲಬೇಕು. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ನಿಪ್ಪಾಣಿಯ ತಾಯಿ ಇರಲಿ. ಇನ್ನು ಕಬ್ಬು ಕಡಿಯುವವರು. ಮಹಾರಾಷ್ಟ್ರದ ಬೀಡ ಮುಂತಾದ ಕಡೆಗಳಿಂದ ಗುಳೆ ಬಂದು, ಸಕ್ಕರೆ ಕಾರ್ಖಾನೆಯ ಆಸುಪಾಸಿನಲ್ಲಿ ಗುಡಿಸಲು ಹಾಕಿ, ಎತ್ತು ಮತ್ತು ಕೂಸುಗಳೊಡನೆ ಹಂಗಾಮು ಕಳೆಯುವ ಕುಟುಂಬಗಳು. ಪರವೂರಿನಲ್ಲಿ, ತುಂಬು ಬಸುರಿನಲ್ಲಿ, ಚಳಿಯ ರಾತ್ರಿ ಜಾಗ ಹುಡುಕಿದವಳ ಕಥೆ ಉಗಾರದಿಂದ ರಾಯಬಾಗದವರೆಗೆ ಪ್ರತಿ ಡಿಸೆಂಬರಿನಲ್ಲಿ ನಮ್ಮ ಕಣ್ಣೆದುರೇ ಇದೆ. ಗೋದಲಿ ಕಟ್ಟುವವರು ಅವರನ್ನು ನೋಡಿ ಬಂದು ಕೈ ಮಣ್ಣು ಮಾಡಿಕೊಳ್ಳಲಿ.

ಗೊಂಬೆ ಮಾಡುವ ಕೈಗಳು ದೂರವಿಲ್ಲ. ಗೋಕಾಕದಲ್ಲಿ ಹಗುರ ಕಟ್ಟಿಗೆಯಿಂದಲೂ ಅಲ್ಲಿಯೇ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಆಳು ಗೊಂಬೆ ಮತ್ತು ಹಣ್ಣುಗಳನ್ನು ಮಾಡುತ್ತಾರೆಂದು ಬ್ರಿಟಿಷರ ಕಾಲದ ಗೆಜೆಟಿಯರೇ ಬರೆದಿದೆ. ಆ ಮಾವು, ಆ ಬಾಳೆ, ಆ ಸೀತಾಫಲ ಕೈಗೆತ್ತಿಕೊಳ್ಳುವವರೆಗೂ ನಿಜದವೇ ಎನ್ನಿಸುತ್ತವೆ. ಖಾನಾಪುರದ ಕೆಂಪು ಜೇಡಿಗೆ ಹೆಸರಿದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿಯೇ ಇದೆ. ಇಷ್ಟಿದ್ದೂ ಗೋದಲಿಯ ಗೊಂಬೆ ಎಲ್ಲಿಂದಲೋ ಬರುವುದು ನನಗೆ ಬೇಸರದ ಸಂಗತಿ.

ಕನ್ನಡದ ಹದದಲ್ಲಿ ಕ್ರಿಸ್ತನ ಕಥೆಯನ್ನು ನೋಡುವ ಆಸೆ ಹೊಸದೇನಲ್ಲ. ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಗೆ ಬಂದು ಲಂಡನ್ ಮಿಷನ್ನಿನ ಕೆಲಸ ಶುರು ಮಾಡಿದರು. ಇಡೀ ಬೈಬಲ್ 1831ರಲ್ಲಿ ಬಳ್ಳಾರಿಯ ಮಿಷನರಿಗಳ ಶ್ರಮದಿಂದ ಕನ್ನಡಕ್ಕೆ ಬಂತು. ನಿಘಂಟಿನ ಕಿಟೆಲ್ ಧಾರವಾಡ, ಹುಬ್ಬಳ್ಳಿಯ ಹಳ್ಳಿಗಳಲ್ಲಿ ನಡೆದಾಡಿ, ಸಂಗೀತ ಕೇಳಿ, 1862ರಲ್ಲಿ 'ಕಥಾಮಾಲೆ' ಬರೆದರು. ಯೇಸುವಿನ ಬಾಳನ್ನು ನಮ್ಮ ಛಂದಸ್ಸಿಗೆ ತಂದ ಪುಸ್ತಕ ಅದು. ಜರ್ಮನ್ ರಾಗಕ್ಕೆ ಕನ್ನಡ ಮಾತು ತುರುಕುವುದು ಸುಲಭವಿತ್ತು, ಅವರು ಕಷ್ಟದ ದಾರಿ ಹಿಡಿದರು. ಗಡಿಯಾಚೆ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದ ಮೇಲೆ ಅಭಂಗ ಮತ್ತು ಓವಿಯಲ್ಲೇ ಕ್ರಿಸ್ತನನ್ನು ಹಾಡಿದರು. ಪಂಢರಪುರದ ದಿಂಡಿ ಹಾದುಹೋಗುವ ನಮ್ಮ ಊರುಗಳಿಗೆ ಟಾಳ, ಪೇಟಿಯ ಆ ಧಾಟಿ ಹೊರಗಿನದಲ್ಲ. ನಮ್ಮ ಜಿಲ್ಲೆಯ ದೇಶನೂರಿನಲ್ಲಿ ಯೇಸು ಸಭೆಯ ಪಾದ್ರಿಗಳು ಕಾವಿ ಉಟ್ಟು, ನೆಲದ ಮೇಲೆ ಕೂತು, ವಿರಕ್ತ ಮಠದ ರೀತಿಯಲ್ಲಿ ಪೂಜೆ ನಡೆಸಿಕೊಂಡು ಬಂದಿದ್ದಾರೆ. ಇದನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಅಲ್ಲಿ ಭಕ್ತಿಯೂ ಕಲೆಯೂ ಒಂದಾಗಿವೆ ಎಂಬುದು ನನ್ನ ಅನಿಸಿಕೆ.

ಕ್ರೈಸ್ತರು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆ. ಕಾಗವಾಡ, ಅಥಣಿಯ ಹಳೆಯ ತಲೆಮಾರಿಗೆ ಕ್ರಿಸ್ಮಸ್ ಪರಿಚಯವಾದದ್ದು ಹೆಚ್ಚಾಗಿ ಮೀರಜದ ಮಿಷನ್ ದವಾಖಾನೆಯಲ್ಲಿ. ಕೆನಡಾದ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ತೆರೆದ ಆಸ್ಪತ್ರೆ ಅದು. ಗಡಿ ಎಂಬುದು ಇರದಿದ್ದ ಕಾಲದಿಂದಲೂ ಹೆರಿಗೆಗೆ, ಆಪರೇಷನ್ನಿಗೆ ನಮ್ಮವರು ಚಕ್ಕಡಿ ಕಟ್ಟಿಕೊಂಡು ಅಲ್ಲಿಗೆ ಹೋದರು. ಎಷ್ಟೋ ಮನೆಗಳ ಹಿರಿಯರು ಹುಟ್ಟಿದ್ದೇ ಅಲ್ಲಿ.

ಈ ಸಲ ಗೋದಲಿ ಕಟ್ಟುವ ಮನಸ್ಸಿದ್ದವರು, ಕ್ರೈಸ್ತರಿರಲಿ, ಶಾಲೆಯ ಮೇಷ್ಟ್ರಿರಲಿ, ಡಿಸೆಂಬರ್ ಮೊದಲ ವಾರದಲ್ಲೇ ಊರಿನ ಕುಂಬಾರರ ಮನೆಗೆ ಹೋಗಿ ಮಾತಾಡಬೇಕು. ಮಣ್ಣೆತ್ತಿನ ಹಂಗಾಮು ಮುಗಿದ ಮೇಲೆ ಅವರಿಗೆ ಗೊಂಬೆಯ ಕೆಲಸ ಕಡಿಮೆ, ಕೇಳಿದರೆ ಕೈ ಬಿಡುವು ಮಾಡಿಕೊಂಡಾರು. ನೀವೇ ಮಾಡಿದ ಗೊಂಬೆಗಳಿದ್ದರೆ ಪೂರ್ತಿ ಒಣಗಿಸಿ ಕೊಡಿ. ಅವರ ಆವಿಗೆ ಹೊತ್ತುವ ದಿನ ಗಡಿಗೆಗಳ ನಡುವೆ ಅವೂ ಸುಟ್ಟುಬರುತ್ತವೆ, ವರ್ಷಗಟ್ಟಲೆ ಬಾಳುತ್ತವೆ. ಹತ್ತಿ, ಲದ್ದಿ ಸೇರಿಸಿದ ಮಣ್ಣಿನವನ್ನು ಮಾತ್ರ ಸುಡಿಸಬೇಡಿ, ಒಳಗೆ ಟೊಳ್ಳಾಗಿ ಒಡೆಯಬಹುದು. ಗೋಧಿ ಬಿತ್ತುವುದು 14ನೇ ತಾರೀಖಿಗೆ. ಚಳಿ ಜೋರಿದ್ದರೆ ಎರಡು ದಿನ ಮುಂಚೆ.