ಬಿಚ್ಚುವವರನ್ನು ನೆನೆದು ಕಟ್ಟಿದ ಪೆಟ್ಟಿಗೆ

ಶನಿವಾರ ರಾತ್ರಿ ಹತ್ತಾದರೂ ದುಬೈಯ ಕರಾಮದ ಓಣಿಗಳಲ್ಲಿ ಕಾರ್ಗೋ ಅಂಗಡಿಗಳ ದೀಪ ಆರುವುದಿಲ್ಲ. ಕಂಬಳಿ, ಹಾಲಿನ ಪುಡಿಯ ಡಬ್ಬಿ, ಖರ್ಜೂರ, ಸಾಬೂನು, ಮಕ್ಕಳ ಬಟ್ಟೆ ಎಲ್ಲ ಅಂಗಡಿಯ ಮುಂದಿನ ಕಟ್ಟೆಯ ಮೇಲೇ ಹರಡಿರುತ್ತವೆ. ತುಂಬಿದ ಪೆಟ್ಟಿಗೆಯ ಮೇಲೊಬ್ಬ ಮೊಣಕಾಲೂರಿ ಕೂತರೆ ಇನ್ನೊಬ್ಬ ಕರ್ರೆಂದು ಟೇಪು ಎಳೆಯುತ್ತಾನೆ. ದಪ್ಪ ಮಾರ್ಕರಿನಲ್ಲಿ ಊರಿನ ಹೆಸರುಗಳು ಮೂಡುತ್ತವೆ: ಕುಂದಾಪುರ, ಭಟ್ಕಳ, ಉಳ್ಳಾಲ, ಮಂಜೇಶ್ವರ. ತುಳು, ಬ್ಯಾರಿ, ಮಲಯಾಳ, ಕುಂದಾಪುರ ಕನ್ನಡ ಎಲ್ಲವೂ ಅಲ್ಲಿ ಒಂದರ ಮೇಲೊಂದು ಬಿದ್ದು ಕೇಳಿಸುತ್ತವೆ. ಇಷ್ಟರ ನಡುವೆ ಯಾರಾದರೂ ಸೈಕಲ್ ತಳ್ಳಿಕೊಂಡು ಬಂದರೆ ಜನ ತಾವಾಗಿ ಜಾಗ ಬಿಡುತ್ತಾರೆ. ಕಂಬಳಿಯನ್ನು ಒತ್ತಿ ತುರುಕಬಹುದು, ಸೈಕಲನ್ನು ಒತ್ತಲಾಗದು. ಅದನ್ನು ಕಳಿಸಬೇಕಾದರೆ ಮೊದಲು ಬಿಚ್ಚಬೇಕು.

ಹೀಗೆ ಬರುವ ಸೈಕಲ್ಲುಗಳಲ್ಲಿ ಎರಡು ಬಗೆ. ಒಂದು, ಊರಿನಲ್ಲಿರುವ ಮಗುವಿಗೆಂದು ಕೊಂಡ ಹೊಸ ಗೇರ್ ಸೈಕಲ್. ಇನ್ನೊಂದು, ಅಲ್ ಖುದ್ರಾದ ಮರಳುಗಾಡಿನ ಪಥದಲ್ಲೋ ಅಬುಧಾಬಿಯ ಅಲ್ ವತ್ಬಾದಲ್ಲೋ ನಸುಕಿನ ತಂಪಿನಲ್ಲಿ ಓಡಿ ಪಳಗಿದ್ದು; ಒಡೆಯ ಕೆಲಸ ಮುಗಿಸಿ ಊರಿಗೆ ಹೊರಟಾಗ ಅದೂ ಜೊತೆಗೆ ಹೊರಡುತ್ತದೆ. ಪೆಟ್ಟಿಗೆಗೆ ಸೈಕಲ್ ಅಂಗಡಿಗಳೇ ಗತಿ. ಹೊಸ ಸೈಕಲ್ ಬಂದ ಉದ್ದನೆಯ ರಟ್ಟಿನ ಪೆಟ್ಟಿಗೆಗಳನ್ನು ಕೇಳಿದರೆ ಕೊಡುತ್ತಾರೆ. ತೈವಾನಿನಿಂದಲೋ ಚೀನಾದಿಂದಲೋ ಬಂದ ರಟ್ಟು ಮತ್ತೊಂದು ಸಮುದ್ರ ದಾಟಲು ಅಣಿಯಾಗುತ್ತದೆ.

ಮೊದಲು ಹಳೆಯ ಬನಿಯನ್ ತುಂಡಿನಿಂದ ಚೈನನ್ನು ಒರೆಸುತ್ತಾರೆ, ಸಂದಿಗಳಲ್ಲಿ ಕೂತ ಮರಳು ಉದುರುತ್ತದೆ. ಆಮೇಲೆ ಪೆಡಲ್. ಹದಿನೈದರ ಪಾನಾ ಹಿಡಿದು ಎರಡೂ ಪೆಡಲುಗಳನ್ನು ಒಂದೇ ದಿಕ್ಕಿಗೆ ತಿರುಗಿಸಲು ಹೊರಟವರು ಎಡಗಡೆಯದರಲ್ಲಿ ಸೋಲುತ್ತಾರೆ, ಏಕೆಂದರೆ ಅದರ ಮರೆ ತಿರುಗುಮುರುಗು. ಬಲ್ಲವರು ಪಾನಾವನ್ನು ಮೇಲ್ಮುಖವಾಗಿ ಹಿಡಿದು, ಯಾವ ಬದಿಯಾದರೂ ಹಿಂದಿನ ಚಕ್ರದ ಕಡೆಗೆ ಎಳೆಯುತ್ತಾರೆ. ಸೀಟಿನ ಕಂಬಕ್ಕೆ ಈಗಿರುವ ಎತ್ತರದಲ್ಲಿ ಒಂದು ಸುತ್ತು ಟೇಪು ಸುತ್ತಿ ಗುರುತು ಮಾಡಿ, ಆಮೇಲೆ ಹೊರಗೆಳೆಯುತ್ತಾರೆ. ಮುಂದಿನ ಚಕ್ರ ಕಳಚುತ್ತದೆ. ಬರಿದಾದ ಫೋರ್ಕಿನ ಎರಡು ಕಾಲುಗಳ ನಡುವೆ ಪ್ಲಾಸ್ಟಿಕ್ ಗೂಟವೊಂದನ್ನು ಸಿಕ್ಕಿಸುತ್ತಾರೆ. ಇಲ್ಲದಿದ್ದರೆ ಮೇಲೆ ಭಾರ ಬಿದ್ದಾಗ ಕಾಲುಗಳು ಒಳಕ್ಕೆ ಬಾಗಬಹುದು. ಡಿಸ್ಕ್ ಬ್ರೇಕಿನ ಪ್ಯಾಡುಗಳ ಸಂದಿಗೂ ದಪ್ಪ ರಟ್ಟಿನ ಚೂರು. ಹಿಂದಿನ ಗೇರಿನ ಡಿರೇಲರ್ ಎಲ್ಲಕ್ಕಿಂತ ನಾಜೂಕು. ಅದನ್ನು ಬಿಚ್ಚಿ, ಬಟ್ಟೆ ಸುತ್ತಿ, ಚೌಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಾರೆ. ಕೊನೆಗೆ ಹ್ಯಾಂಡಲ್ ಕಳಚಿ ಪಕ್ಕಕ್ಕೆ ತಿರುಗುತ್ತದೆ. ಎಸಿ ಪೈಪಿಗೆ ತೊಡಿಸುವ ಕಪ್ಪು ಫೋಮ್ ಕೊಳವೆಯನ್ನು ಸೀಳಿ ಚೌಕಟ್ಟಿಗೆ ತೊಡಿಸಿದ ಮೇಲೆ, ಬಾಣಂತಿ ಕೋಣೆಯ ಕೂಸಿನಂತೆ ಸೈಕಲ್ಲು ಬೆಚ್ಚಗೆ ಮೈಮುದುಡಿ ಮಲಗುತ್ತದೆ.

ಪೆಟ್ಟಿಗೆ ತಕ್ಕಡಿಗೆ ಬಂದಾಗ ಹೊಸಬರಿಗೆ ಆಘಾತ. ಹನ್ನೆರಡು ಕಿಲೋ ಸೈಕಲ್, ನಾಲ್ಕು ಕಿಲೋ ರಟ್ಟು ಮತ್ತು ಫೋಮು. ಒಟ್ಟು 16 ಕಿಲೋ ಎಂದು ಲೆಕ್ಕ ಹಾಕಿ ಬಂದಿರುತ್ತಾರೆ. ಆದರೆ ವಿಮಾನದ ಕಾರ್ಗೋದಲ್ಲಿ ತೂಕಕ್ಕಿರುವ ಬೆಲೆ ಜಾಗಕ್ಕೂ ಇದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುವುದು ರೂಢಿ. 140, 80, 20ರ ಪೆಟ್ಟಿಗೆ ಹೀಗೆ 37 ಕಿಲೋ ಮೀರುತ್ತದೆ. ಕೊರಿಯರಿನವರು 5000ದಿಂದ ಭಾಗಿಸಿದರೆ ಅದೇ ಪೆಟ್ಟಿಗೆ ಸುಮಾರು 45 ಕಿಲೋ. ಆದ್ದರಿಂದಲೇ ನುರಿತವರು ಪೆಟ್ಟಿಗೆಯ ಅಗಲವನ್ನು ಎರಡು ಬೆರಳು ಕಡಿಮೆ ಮಾಡಲು ಹೆಣಗುತ್ತಾರೆ.

ಅವಸರವಿಲ್ಲದವರಿಗೆ ಸಮುದ್ರವಿದೆ. 1979ರಲ್ಲಿ ತೆರೆದ ಜೆಬೆಲ್ ಅಲಿ ಬಂದರಿನಿಂದ ಕಂಟೈನರಿನಲ್ಲಿ ಹೊರಟ ಸಾಮಾನು ಮುಂಬೈ ಕಡೆಯ ಬಂದರಿನಲ್ಲಿ ಇಳಿದು, ಲಾರಿಯಲ್ಲಿ ಕರಾವಳಿಗೆ ಬರುವುದುಂಟು. ಕಡಲ ದಾರಿಗೆ ಖರ್ಚು ಕಡಿಮೆ, ಕಾಯುವುದು ಹೆಚ್ಚು. ಉಪ್ಪುಗಾಳಿಗೆ ಒಡ್ಡಿಕೊಳ್ಳುವ ಸೈಕಲ್ಲಿನ ಚೈನಿಗೂ ಬೋಲ್ಟುಗಳಿಗೂ ಎಣ್ಣೆ ಸವರುವುದನ್ನು ಮರೆಯುವಂತಿಲ್ಲ. ಮರುಭೂಮಿಯಲ್ಲಿ ತುಕ್ಕನ್ನು ಅಷ್ಟಾಗಿ ಕಾಣದ ಕಬ್ಬಿಣ ನಮ್ಮ ಆಷಾಢದ ಮಳೆಗೆ ಇಳಿಯಲಿರುತ್ತದೆ.

ಇನ್ನು ಕೆಲವರು ಸೈಕಲನ್ನು ತಮ್ಮ ಜೊತೆಗೇ ಒಯ್ಯುತ್ತಾರೆ. 2006ರ ಅಕ್ಟೋಬರಿನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದ ಮೇಲೆ ಆ ದಾರಿ ಸಲೀಸಾಯಿತು. ಈ ಮಾರ್ಗದ ಬೋಯಿಂಗ್ 737 ವಿಮಾನದ ಹೊಟ್ಟೆಯಲ್ಲಿ ಸಾಮಾನುಗಳನ್ನು ಆಳುಗಳು ಕೈಯಿಂದಲೇ ಪೇರಿಸುತ್ತಾರೆ. ನಿಲ್ಲಿಸಿ ಕೊಟ್ಟ ಪೆಟ್ಟಿಗೆ ಮಲಗಬಹುದು, ಅದರ ಮೇಲೆ ಸೂಟ್‌ಕೇಸುಗಳು ಏರಬಹುದು. ಹಾಗಾಗಿ ಗೇರಿರುವ ಮಗ್ಗುಲಿಗೆ ಹೆಚ್ಚು ಮೆತ್ತೆ ಹಾಕಬೇಕು. ಟಯರಿನ ಗಾಳಿ ಪೂರ್ತಿ ತೆಗೆಯದಿದ್ದರೆ ಆಕಾಶದಲ್ಲಿ ಸಿಡಿಯುತ್ತದೆ ಎಂಬ ಭಯ ಬೇಡ. ಸರಕಿನ ಕೋಣೆಯಲ್ಲೂ ಪ್ರಯಾಣಿಕರ ಕೋಣೆಯಷ್ಟೇ ಒತ್ತಡವಿದ್ದು, ನೆಲದ ಮೇಲಿನದಕ್ಕೆ ಹೋಲಿಸಿದರೆ ವ್ಯತ್ಯಾಸವಾಗುವುದು ಹೆಚ್ಚೆಂದರೆ 4 ಪಿಎಸ್‌ಐ. ವಿಮಾನದವರು ಗಾಳಿ ಇಳಿಸಲು ಹೇಳಿದರೆ ಇಳಿಸಿ, ರಿಮ್ಮಿಗೆ ಆಸರೆಯಾಗುವಷ್ಟು ಉಳಿಸಿದರೆ ಸಾಕು. ವಿದ್ಯುತ್ ಸೈಕಲ್ಲಿನ ಬ್ಯಾಟರಿಯದು ಮಾತ್ರ ಬೇರೆಯೇ ಮಾತು: 160 ವ್ಯಾಟ್-ಗಂಟೆ ಮೀರಿದ ಲಿಥಿಯಂ ಬ್ಯಾಟರಿಗೆ ಪ್ರಯಾಣಿಕರ ಲಗೇಜಿನಲ್ಲಿ ಜಾಗವಿಲ್ಲ.

ಫೆಬ್ರವರಿಯಲ್ಲಿ ಯುಎಇ ಟೂರ್ ಸೈಕಲ್ ಓಟಕ್ಕೆಂದು ಇದೇ ದುಬೈ, ಅಬುಧಾಬಿಗಳ ನಾಡಿಗೆ ಜಗತ್ತಿನ ಅತಿ ವೇಗದ ಸೈಕಲ್ಲುಗಳು ಪೆಟ್ಟಿಗೆಗಳಲ್ಲೇ ಬಂದಿಳಿಯುತ್ತವೆ. 2019ರಲ್ಲಿ ದುಬೈ ಟೂರ್ ಮತ್ತು ಅಬುಧಾಬಿ ಟೂರ್ ಸೇರಿ ಯುಎಇ ಟೂರ್ ಆಯಿತು. 2021ರಲ್ಲಿ ಅಬುಧಾಬಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದಿಂದ (ಯುಸಿಐ) ಏಷ್ಯಾದ ಮೊದಲ ‘ಬೈಕ್ ಸಿಟಿ’ ಎನಿಸಿತು. ತಂಡಗಳ ಮೆಕ್ಯಾನಿಕ್‌ಗಳು ಹೋಟೆಲಿನ ಅಂಗಳದಲ್ಲಿ ಪೆಟ್ಟಿಗೆ ಬಿಚ್ಚಿ, ಸವಾರನ ಸೀಟಿನ ಎತ್ತರವನ್ನು ಮಿಲಿಮೀಟರ್ ತಪ್ಪದಂತೆ ಕೂರಿಸುತ್ತಾರೆ. ಆ ಸೈಕಲ್ಲುಗಳು ಅಲ್ ಐನಿನ ಜೆಬೆಲ್ ಹಫೀತ್ ಬೆಟ್ಟ ಏರುತ್ತವೆ. ಕರಾಮದ ಕಟ್ಟೆಯಲ್ಲಿ ಟೇಪು ಸುತ್ತಿ ಮಾಡಿದ ಗುರುತಿಗೂ ಈ ಅಳತೆಗೂ ಉದ್ದೇಶ ಒಂದೇ: ಹತ್ತಿ ಕೂತವನಿಗೆ ಇದು ತನ್ನದೇ ಸೈಕಲ್ ಅನ್ನಿಸಬೇಕು.

ಹೀಗಾಗಿ ಚೆನ್ನಾಗಿ ಕಟ್ಟುವುದೆಂದರೆ ಬರೀ ಪೆಟ್ಟು ತಾಗದಂತೆ ಕಟ್ಟುವುದಲ್ಲ. ಅತ್ತ ಅದನ್ನು ಬಿಚ್ಚುವವರು ಸೈಕಲ್ ಮೆಕ್ಯಾನಿಕ್ ಆಗಿರಲಾರರು. ಬೈಂದೂರಿನ ಜಗಲಿಯಲ್ಲಿ ಹದಿಮೂರರ ಹುಡುಗಿ ಇರಬಹುದು, ಅವಳ ಅಜ್ಜ ಇರಬಹುದು. ಅವರಿಗಾಗಿ ಪ್ರತಿ ಬೋಲ್ಟನ್ನೂ ಅದರದರ ತೂತಿಗೇ ಮರಳಿ ಸಿಕ್ಕಿಸಿ ಕಳಿಸಿ. ಉಳಿದ ಚೂರುಪಾರುಗಳನ್ನು ಚೀಲದಲ್ಲಿ ಹಾಕಿ ಚೌಕಟ್ಟಿಗೇ ಕಟ್ಟಿ, ಪೆಟ್ಟಿಗೆಯ ತಳದಲ್ಲಿ ಬಿಡಬೇಡಿ, ತೂತಾದರೆ ಮೊದಲು ಕಳೆದುಹೋಗುವುದು ಅವೇ. ಪೆಡಲುಗಳ ಮೇಲೆ ಎಡ, ಬಲ ಎಂದು ಕನ್ನಡದಲ್ಲೇ ಬರೆಯಿರಿ. ಬಿಚ್ಚುವ ಮುನ್ನ ತೆಗೆದ ನಾಲ್ಕು ಫೋಟೋ ಫೋನಿನಲ್ಲಿ ಕಳಿಸಿ. ಎಲ್ಲಕ್ಕಿಂತ ಮೇಲೆ, ಪೆಟ್ಟಿಗೆ ತೆರೆದ ಕೂಡಲೇ ಕೈಗೆ ಸಿಗುವಂತೆ, ಬೇಕಾಗುವ ಪಾನಾ ಮತ್ತು ಅಲೆನ್ ಕೀಗಳನ್ನು ಇಡಿ. ಸಂಬಳದಲ್ಲಿ ಉಳಿಸಿ ಕಳಿಸಿದ ಸೈಕಲ್ಲು ಪಾನಾ ಇಲ್ಲದೆ ವಾರಗಟ್ಟಲೆ ಜಗಲಿಯಲ್ಲಿ ಬಿದ್ದಿರಬಾರದು; ಬಂದ ದಿನವೇ ರಸ್ತೆಗಿಳಿಯಬೇಕು.