ಗಣಕದ ಕಡತಗಳಿಗೆ ಎರಡನೆಯ ಪೆಟ್ಟಿಗೆ

ಮಹಾನಗರಕ್ಕೆ ಬಂದು ನೆಲಸಿದ ಹಿಂದಿನ ತಲೆಮಾರಿನ ಕನ್ನಡಿಗರ ಮನೆಗಳಲ್ಲಿ ತಗಡಿನ ಟ್ರಂಕೊಂದು ಇದ್ದೇ ಇರುತ್ತಿತ್ತು. ಊರಿನ ಜಮೀನಿನ ಪತ್ರ, ಮಕ್ಕಳ ಜಾತಕ, ಮದುವೆಯ ಭಾವಚಿತ್ರ, ವಿಮೆಯ ಕಾಗದ ಹೀಗೆ ಕುಟುಂಬದ ಚರಿತ್ರೆಯೆಲ್ಲ ಅದರೊಳಗೆ ಅಡಗಿರುತ್ತಿತ್ತು. ಇಂದು ಆ ಸ್ಥಾನವನ್ನು ಗಣಕಯಂತ್ರವೂ ಅದಕ್ಕೆ ಜೋಡಿಸುವ ಅಂಗೈಯಗಲದ ಹಾರ್ಡ್ ಡಿಸ್ಕೂ ಪಡೆದಿವೆ. ಟ್ರಂಕು ತುಕ್ಕು ಹಿಡಿದರೂ ಕಾಗದ ಉಳಿಯುತ್ತಿತ್ತು. ಡಿಸ್ಕು ಕೆಟ್ಟರೆ ಅಜ್ಜಿಯ ಧ್ವನಿಮುದ್ರಣದಿಂದ ತಂದೆಯ ಹೃದಯ ಪರೀಕ್ಷೆಯ ವರದಿಯವರೆಗೆ ಎಲ್ಲವೂ ಒಮ್ಮೆಲೇ ಕೈತಪ್ಪಬಹುದು. ಆದುದರಿಂದ ಹಳೆಯ ಡಿಸ್ಕಿಗೆ ಬದಲಾಗಿ ಹೊಸದನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ ಕೆಲವು ಮೂಲ ಸಂಗತಿಗಳನ್ನು ಅರಿತಿರುವುದು ಲೇಸು.

ಡಿಸ್ಕು ಕೆಡುವುದೇಕೆ?

1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆ ಹೊರತಂದ ಮೊತ್ತಮೊದಲ ಡಿಸ್ಕು ಘಟಕದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿದಿಡುತ್ತಿದ್ದುದು ಸುಮಾರು 50 ಲಕ್ಷ ರೋಮನ್ ಅಕ್ಷರಗಳನ್ನು ಮಾತ್ರ. ಇಂದು ಜೇಬಿನಲ್ಲಿ ಹಿಡಿಸುವ 2 ಟೆರಾಬೈಟಿನ ಡಿಸ್ಕಿನಲ್ಲಿ ಅಂಥ 2 ಲಕ್ಷ ಕೋಟಿ ಅಕ್ಷರಗಳಿಗೆ ಎಡೆಯಿದೆ. ಆದರೆ ಕಾರ್ಯವಿಧಾನದ ಮೂಲತತ್ತ್ವ ಇಂದಿಗೂ ಅದೇ. ಕಾಂತಲೇಪವುಳ್ಳ ತಟ್ಟೆ ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು ತಿರುಗುತ್ತದೆ. ಅದರ ಮೇಲೆ, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ, ಓದುವ ಮುಳ್ಳು ತೇಲುತ್ತಿರುತ್ತದೆ. ಓಡುತ್ತಿರುವಾಗ ಡಿಸ್ಕು ಮೇಜಿನಿಂದ ಬಿದ್ದರೆ ಈ ಮುಳ್ಳು ತಟ್ಟೆಯನ್ನು ಗೀರಿ ಕಡತಗಳನ್ನು ನಾಶಮಾಡಬಲ್ಲದು.

ಕಟಕಟ ಸದ್ದು, ಕಡತ ತೆರೆಯಲು ವಿಳಂಬ, ಪರದೆಯಿಂದ ಡಿಸ್ಕು ಆಗಾಗ ಮರೆಯಾಗುವುದು ಇವು ಕೇಡಿನ ಮುನ್ಸೂಚನೆಗಳು. ಇವು ಕಂಡೊಡನೆ ಅತಿಮುಖ್ಯವಾದ ಕಡತಗಳನ್ನು ಮೊದಲು ಬೇರೆಡೆಗೆ ಸಾಗಿಸತಕ್ಕದ್ದು. ಆದರೆ ಮುನ್ಸೂಚನೆಯನ್ನೇ ನೆಚ್ಚಿ ಕೂರುವಂತಿಲ್ಲ. 2007ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ ಪ್ರಕಟಿಸಿದ ವರದಿಯ ಪ್ರಕಾರ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ತಮ್ಮ ಸ್ವಯಂ ತಪಾಸಣೆಯ ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದನ್ನೂ ಮುಂಚಿತವಾಗಿ ತೋರಿರಲಿಲ್ಲ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಡಿಸ್ಕು ಸವಕಳಿಗೆ ಒಳಪಟ್ಟ ಆಸ್ತಿ. ಅದರೊಳಗಿನ ಕಡತಗಳು ಕಾಲ ಕಳೆದಂತೆ ಬೆಲೆ ಏರುವ ಆಸ್ತಿ. ನಾಲ್ಕೈದು ವರ್ಷ ದುಡಿದ ಡಿಸ್ಕಿಗೆ, ಅದು ನಡೆಯುತ್ತಿರುವಾಗಲೇ, ಉತ್ತರಾಧಿಕಾರಿಯನ್ನು ನೇಮಿಸುವುದು ವಿವೇಕ. ಅನಂತರ ಪೇಚಾಡುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಯಾವುದನ್ನು ಕೊಳ್ಳಬೇಕು?

ಪೇಟೆಯಲ್ಲಿ ದೊರೆಯುವ ಹೊರ ಡಿಸ್ಕುಗಳಲ್ಲಿ ಎರಡು ಬಗೆ. ತಟ್ಟೆ ತಿರುಗುವ ಹಾರ್ಡ್ ಡಿಸ್ಕು ನಿಧಾನಿ, ಪೆಟ್ಟಿಗೆ ಅಂಜುತ್ತದೆ, ಆದರೆ ಅಗ್ಗ. ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿ ವೇಗಶಾಲಿ, ಪೆಟ್ಟನ್ನು ತಾಳಬಲ್ಲದು; ಆದರೆ ಅಷ್ಟೇ ಧಾರಣಶಕ್ತಿಗೆ ಹೆಚ್ಚು ಬೆಲೆ. ಅಲ್ಲದೆ ಅದರಲ್ಲಿ ಮಾಹಿತಿ ವಿದ್ಯುದಾವೇಶದ ರೂಪದಲ್ಲಿರುವುದರಿಂದ, ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಆವೇಶ ಸೋರಿಹೋಗುವ ಸಂಭವವುಂಟು. ಚೀಲದಲ್ಲಿ ಹೊತ್ತು ತಿರುಗುವವರಿಗೆ ಎಸ್‌ಎಸ್‌ಡಿ ಒಳ್ಳೆಯದು. ವಾರಕ್ಕೊಮ್ಮೆ ನಕಲು ಮಾಡಿ ಕಪಾಟಿನಲ್ಲಿಡುವ ಗೃಹಸ್ಥರಿಗೆ ಸಾಧಾರಣ ಹಾರ್ಡ್ ಡಿಸ್ಕೇ ಸಾಕು.

ಗಣಕದಲ್ಲಿ ಈಗಿರುವ ಕಡತಗಳ ಮೊತ್ತದ ಎರಡರಷ್ಟು ಧಾರಣಶಕ್ತಿಯುಳ್ಳದ್ದನ್ನು ಆರಿಸಿದರೆ ಮುಂದಿನ ಕೆಲವು ವರ್ಷಗಳಿಗೆ ಸಾಲುತ್ತದೆ. 1 ಟೆರಾಬೈಟಿನ ಡಿಸ್ಕನ್ನು ವಿಂಡೋಸ್ ಗಣಕ 931 ಗಿಗಾಬೈಟ್ ಎಂದು ತೋರಿಸಿದರೆ ಮೋಸಹೋದೆವೆಂದು ಭಾವಿಸಬೇಕಿಲ್ಲ. ತಯಾರಕರು ಸಾವಿರದ ಗುಣಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಗುಣಕದಲ್ಲಿ ಎಣಿಸುತ್ತದೆ. ನಿಜವಾದ ಮೋಸ ಬೇರೆಯಿದೆ. ನಂಬಲಾಗದ ಅಗ್ಗದ ಬೆಲೆಗೆ 16 ಟೆರಾಬೈಟ್ ಎಂದು ಮಾರುವ ಪುಟ್ಟ ಡಿಸ್ಕುಗಳಲ್ಲಿ ಎಷ್ಟೋ ವೇಳೆ ಅತ್ಯಲ್ಪ ಧಾರಣಶಕ್ತಿಯಷ್ಟೇ ಇರುತ್ತದೆ. ಅದು ತುಂಬಿದ ಮೇಲೆ ಬರೆದುದೆಲ್ಲ ವ್ಯರ್ಥ. ತಟ್ಟೆಯುಳ್ಳ ಡಿಸ್ಕುಗಳನ್ನು ಇಂದು ತಯಾರಿಸುವವು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ ಎಂಬ ಮೂರೇ ಸಂಸ್ಥೆಗಳು. ಅಧಿಕೃತ ಮಾರಾಟಗಾರರಿಂದ ರಸೀದಿ ಸಹಿತ ಕೊಳ್ಳುವುದು ಕ್ಷೇಮ.

ಯುಎಸ್‌ಬಿ 3.0 ಅಥವಾ ಅನಂತರದ ಸಂಪರ್ಕವಿದೆಯೇ ಎಂಬುದನ್ನೂ ನೋಡಬೇಕು. ಹಳೆಯ 2.0 ಸಂಪರ್ಕದಲ್ಲಿ ಒಂದು ಟೆರಾಬೈಟಿನ ನಕಲಿಗೆ ಎಂಟು ಗಂಟೆ ಹಿಡಿದರೆ, ಹೊಸದರಲ್ಲಿ ದೊಡ್ಡ ಕಡತಗಳಾದರೆ ಎರಡು ಮೂರು ಗಂಟೆ ಸಾಕಾಗುತ್ತದೆ. ವಾರಂಟಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಅವಧಿಯೊಳಗೆ ಕೆಟ್ಟರೆ ಹೊಸ ಡಿಸ್ಕು ಸಿಗುತ್ತದೆ, ಅದರಲ್ಲಿದ್ದ ಕಡತಗಳನ್ನು ವಾರಂಟಿ ಹಿಂದಿರುಗಿಸದು.

ಒಂದೇ ನಕಲು ಸಾಲದು

ಎಷ್ಟು ಒಳ್ಳೆಯ ಡಿಸ್ಕಾದರೂ ಅದೊಂದೇ ರಕ್ಷೆಯಾಗಲಾರದು. ಮುಖ್ಯ ಕಡತಗಳಿಗೆ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬ ಸೂತ್ರವನ್ನು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದರು. ಮುಂಬಯಿಯವರಿಗೆ ಇದರ ಅರ್ಥವನ್ನು ವಿವರಿಸಬೇಕಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ತಗ್ಗಿನ ಮನೆಗಳಿಗೆ ನೀರು ನುಗ್ಗಿತು. 2015ರ ಡಿಸೆಂಬರಿನಲ್ಲಿ ಚೆನ್ನೈ ಅದೇ ಸಂಕಟವನ್ನು ಕಂಡಿತು. ಗಣಕವೂ ಡಿಸ್ಕೂ ಒಂದೇ ಮೇಜಿನ ಮೇಲಿದ್ದರೆ ಎರಡೂ ಒಟ್ಟಿಗೆ ಮುಳುಗುತ್ತವೆ. ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ಪ್ರತಿಯನ್ನು ಅಲ್ಲಿನ ಕಪಾಟಿನಲ್ಲಿಟ್ಟು, ಮರುವರ್ಷ ಹೊಸದರೊಡನೆ ಬದಲಾಯಿಸುವ ಏರ್ಪಾಡು ಖರ್ಚಿಲ್ಲದ ವಿಮೆ.

ನಕಲು ಮುಗಿದೊಡನೆ ಡಿಸ್ಕನ್ನು ಗಣಕದಿಂದ ಬೇರ್ಪಡಿಸುವುದು ಅವಶ್ಯ. 2017ರ ಮೇ ತಿಂಗಳಲ್ಲಿ ಹಬ್ಬಿದ ವನ್ನಾಕ್ರೈ ಮುಂತಾದ ಸುಲಿಗೆ ತಂತ್ರಾಂಶಗಳು ಗಣಕಕ್ಕೆ ಜೋಡಿಸಿಟ್ಟ ಡಿಸ್ಕಿನ ಕಡತಗಳಿಗೂ ಬೀಗ ಹಾಕಬಲ್ಲವು.

ಕೊಂಡ ಮೇಲೆ

ಹೊಸ ಡಿಸ್ಕಿಗೆ ಕಡತಗಳನ್ನು ಹಾಕುವ ಮುನ್ನ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಅದನ್ನು ಪೂರ್ತಿ ತುಂಬಿಸಿ ಪರೀಕ್ಷಿಸಿದರೆ ನಕಲಿ ಸರಕು ಕೂಡಲೇ ಬಯಲಾಗುತ್ತದೆ. ಅನಂತರ ವಿಂಡೋಸ್‌ನ ಫೈಲ್ ಹಿಸ್ಟರಿ ಅಥವಾ ಮ್ಯಾಕ್‌ನ ಟೈಮ್ ಮೆಷಿನ್ ಮೂಲಕ ನಕಲನ್ನು ಆರಂಭಿಸಬಹುದು. ನಕಲಾಯಿತೆಂದು ಪರದೆ ಹೇಳಿದ ಮಾತ್ರಕ್ಕೆ ಕೆಲಸ ಮುಗಿಯದು. ಬ್ಯಾಂಕಿನ ಶಾಖೆಯಲ್ಲಿ ದಿನದ ಕೊನೆಗೆ ಲೆಕ್ಕ ತಾಳೆ ನೋಡುವಂತೆ, ಹತ್ತಾರು ಕಡತಗಳನ್ನು ಹೊಸ ಡಿಸ್ಕಿನಿಂದಲೇ ತೆರೆದು ನೋಡತಕ್ಕದ್ದು. ಹಳೆಯ ಡಿಸ್ಕು ಸುಸ್ಥಿತಿಯಲ್ಲಿದ್ದರೆ ಅದನ್ನು ಬಿಸಾಡದೆ ಮೂರನೆಯ ಪ್ರತಿಯಾಗಿ ಉಳಿಸಿಕೊಳ್ಳಬಹುದು. ವಿಲೇವಾರಿ ಮಾಡುವಾಗ ಕಡತಗಳನ್ನು ಸಂಪೂರ್ಣ ಅಳಿಸದೆ ಗುಜರಿಯವನಿಗೆ ಕೊಡಲಾಗದು; ಪ್ಯಾನ್ ಕಾರ್ಡಿನ ಪ್ರತಿಯೂ ಬ್ಯಾಂಕಿನ ವಿವರಗಳೂ ಅದರೊಡನೆ ಹೋಗುತ್ತವೆ.

ಡಿಸ್ಕಿನ ಮೇಲೆ ಕೊಂಡ ದಿನಾಂಕವನ್ನು ಬರೆದಂಟಿಸಿ, ಅದೆಲ್ಲಿದೆ, ತೆರೆಯುವ ಸಂಕೇತಪದ ಯಾವುದು ಎಂಬುದನ್ನು ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು. ಟ್ರಂಕಿನ ಬೀಗದ ಕೈ ಎಲ್ಲಿದೆಯೆಂಬುದು ಹಿಂದೆ ಮನೆಯ ಹಿರಿಯರಿಬ್ಬರಿಗೂ ಗೊತ್ತಿರುತ್ತಿತ್ತು. ಆ ಹಳೆಯ ಕ್ರಮ ಹೊಸ ಪೆಟ್ಟಿಗೆಗೂ ಸಲ್ಲುತ್ತದೆ.