ಇಕ್ಕಟ್ಟಿನ ಮನೆಯಲ್ಲೊಂದು ಅಚ್ಚುಕಟ್ಟಾದ ಕಚೇರಿ

ಕಚೇರಿ ಎಂದೊಡನೆ ಕಣ್ಣ ಮುಂದೆ ಬರುವುದು ದೊಡ್ಡ ಮೇಜು, ತಿರುಗುವ ಕುರ್ಚಿ, ಗೋಡೆಯುದ್ದಕ್ಕೂ ಕಪಾಟು. ಐದು ಸೆಂಟ್ಸ್ ಜಾಗದಲ್ಲಿ ಎರಡು ಕೋಣೆ, ಒಂದು ಜಗಲಿ, ಒಂದು ಅಡಿಗೆಮನೆ ಕಟ್ಟಿಕೊಂಡಿರುವ ನಮ್ಮಂಥವರಿಗೆ ಇದೆಲ್ಲ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮೇಜಿಗೂ ಅನ್ವಯಿಸುತ್ತದೆ. ಮೂರಡಿ ಗೋಡೆ, ಒಂದು ಹಲಗೆ ಮತ್ತು ಒಂದಿಷ್ಟು ಶಿಸ್ತು ಇದ್ದರೆ ಮನೆಯೊಳಗಿನ ಕಚೇರಿ ಸಿದ್ಧವಾದಂತೆಯೇ.

ಇಂಥದೊಂದು ಸ್ಥಳದ ಅಗತ್ಯ 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನಮ್ಮವರಿಗೆ ಚೆನ್ನಾಗಿ ಮನವರಿಕೆಯಾಯಿತು. ಮಂಗಳೂರಿಗೆ ದಿನವೂ ಹೋಗಿ ಬರುತ್ತಿದ್ದವರು ಮನೆಯಲ್ಲೇ ಉಳಿದರು. ಬೆಂಗಳೂರಿನ ಕೆಲಸವನ್ನು ಊರಿನ ಮನೆಯಲ್ಲಿ ಕುಳಿತು ಮಾಡುವ ಕಾಲ ಬಂತು. ಮಕ್ಕಳ ಪಾಠ ಟಿ.ವಿ.ಗೆ, ಮೊಬೈಲಿಗೆ ಇಳಿಯಿತು. ಆ ದಿನಗಳು ಕಳೆದುಹೋದರೂ ಅಗತ್ಯ ಮಾತ್ರ ಉಳಿದುಕೊಂಡಿದೆ.

ಗಡಿನಾಡಿನ ಕನ್ನಡ ಮನೆಗೆ ಇನ್ನೂ ಒಂದು ಕಾರಣವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ನಮ್ಮ ಕಾಗದಪತ್ರಗಳು ಮೂರು ಭಾಷೆಗಳಲ್ಲಿ ಹಂಚಿಹೋಗಿವೆ. ಅಜ್ಜನ ಕಾಲದ ದಸ್ತಾವೇಜು ಕನ್ನಡದಲ್ಲಿ, ಈಗಿನ ಕಚೇರಿ ಕಾಗದ ಮಲಯಾಳದಲ್ಲಿ, ಮಗಳ ಪದವಿ ಪತ್ರ ಇಂಗ್ಲಿಷಿನಲ್ಲಿ. ಅಹವಾಲನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸಬಹುದೆಂದು ಸಂವಿಧಾನದ 350ನೇ ಅನುಚ್ಛೇದ ಹೇಳುತ್ತದೆ. ಹಕ್ಕೇನೋ ಇದೆ. ಅದನ್ನು ಚಲಾಯಿಸಬೇಕಾದರೆ ಕುಳಿತು ಬರೆಯಲು ಒಂದು ಜಾಗ, ಬರೆದುದರ ಪ್ರತಿಯನ್ನು ಜೋಪಾನವಾಗಿಡಲು ಒಂದು ಕಡತ ಬೇಕಲ್ಲವೆ?

ಸ್ಥಳದ ಆಯ್ಕೆ

ಮೊದಲು ಮನೆಯನ್ನೊಮ್ಮೆ ಸುತ್ತಿ ನೋಡಬೇಕು. ಜಗಲಿಯ ತುದಿ, ಮೆಟ್ಟಿಲ ಕೆಳಗಿನ ಸಂದು, ಮಲಗುವ ಕೋಣೆಯ ಕಿಟಕಿಯ ಪಕ್ಕ, ಬಾಗಿಲ ಹಿಂದಿನ ಮೂಲೆ, ಇವುಗಳಲ್ಲಿ ಯಾವುದಾದರೂ ಒಂದು ಕಡೆ ಮೂರಡಿ ಅಗಲ ಸಿಕ್ಕೇ ಸಿಗುತ್ತದೆ. ಹಳೆಯ ಮರದ ಕಪಾಟು ಇದ್ದವರಿಗೆ ಮತ್ತೂ ಸುಲಭ. ಮಧ್ಯದ ಒಂದು ತಟ್ಟನ್ನು ಮೇಜಿನ ಎತ್ತರಕ್ಕೆ ಇಳಿಸಿ, ಅದಕ್ಕೆ ಹೊರಗೆ ಮಡಚಿಕೊಳ್ಳುವ ಹಲಗೆ ಜೋಡಿಸಿದರೆ ಕೆಲಸ ಮುಗಿದ ಮೇಲೆ ಬಾಗಿಲು ಹಾಕಿಬಿಡಬಹುದು. ನೆಂಟರು ಬಂದಾಗ ಕಚೇರಿಯ ಸುಳಿವೂ ಇರುವುದಿಲ್ಲ.

ಕಿಟಕಿ ಬದಿಗಿರುವಂತೆ ಕುಳಿತುಕೊಳ್ಳುವುದು ಒಳ್ಳೆಯದು. ಬೆನ್ನ ಹಿಂದೆ ಕಿಟಕಿಯಿದ್ದರೆ ಕಂಪ್ಯೂಟರಿನ ಪರದೆ ಹೊಳೆಯುತ್ತದೆ, ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಬೇಕು. ಆಗ ಕೈಯ ನೆರಳು ಅಕ್ಷರದ ಮೇಲೆ ಬೀಳುವುದಿಲ್ಲ. ಅಡಿಗೆಮನೆಯ ಹೊಗೆ ಮತ್ತು ಬಚ್ಚಲಿನ ಒದ್ದೆ ಗೋಡೆ, ಇವೆರಡರಿಂದ ದೂರವಿದ್ದಷ್ಟೂ ಕಾಗದಕ್ಕೆ ಆಯುಷ್ಯ ಹೆಚ್ಚು.

ಅಳತೆಯ ಲೆಕ್ಕ

ಮೇಜಿನ ಹಲಗೆ ಮೂರಡಿ ಉದ್ದ, 20 ಇಂಚು ಅಗಲ ಇದ್ದರೆ ಸಾಕು. ನೆಲದಿಂದ ಎತ್ತರ 28ರಿಂದ 30 ಇಂಚು, ಕುರ್ಚಿಯ ಎತ್ತರ 16ರಿಂದ 18 ಇಂಚು. ಕುಳಿತಾಗ ಪಾದ ನೆಲದ ಮೇಲೆ ಪೂರ್ತಿಯಾಗಿ ಊರಬೇಕು. ಮಕ್ಕಳಿಗೆ ಎಟುಕದಿದ್ದರೆ ಕಾಲಡಿಗೆ ಒಂದು ಮಣೆ ಇಡಿ. ಜಾಗ ತೀರ ಕಡಿಮೆಯಿದ್ದಲ್ಲಿ ಹಲಗೆಯನ್ನು ಗೋಡೆಗೆ ಕೀಲು ಹಾಕಿ, ಬೇಕಾದಾಗ ಎತ್ತಿ ಬೇಡದಾಗ ಇಳಿಸುವಂತೆ ಮಾಡಿಸಬಹುದು. ಊರಿನ ಆಚಾರಿಗಳು ಹಲಸಿನ ಅಥವಾ ಮಾವಿನ ಹಲಗೆಯಲ್ಲಿ ಇದನ್ನು ಚೆನ್ನಾಗಿ ಮಾಡಿಕೊಡುತ್ತಾರೆ.

ಲ್ಯಾಪ್‌ಟಾಪಿನ ಮುಂದೆ ಕತ್ತು ಬಗ್ಗಿಸಿ ಗಂಟೆಗಟ್ಟಲೆ ಕುಳಿತರೆ ನೋವು ತಪ್ಪದು. ಅದರ ಕೆಳಗೆ ನಾಲ್ಕು ದಪ್ಪ ಪುಸ್ತಕಗಳನ್ನಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ, ಬೇರೆಯೇ ಒಂದು ಕೀಲಿಮಣೆ ಜೋಡಿಸಿಕೊಳ್ಳಬೇಕು. ಪರದೆ ಒಂದು ತೋಳಿನಷ್ಟು ದೂರದಲ್ಲಿರಲಿ.

ನೆಲದಲ್ಲಿ ಜಾಗವಿಲ್ಲದವರು ಗೋಡೆಯನ್ನು ನೋಡಬೇಕು. ಮೇಜಿನಿಂದ ಒಂದೂವರೆ ಅಡಿ ಮೇಲೆ ಎರಡು ತಟ್ಟು ಹೊಡೆಸಿ. ಎ4 ಕಾಗದದ ಉದ್ದ ಸುಮಾರು 12 ಇಂಚು, ಅಗಲ ಎಂಟೂಕಾಲು ಇಂಚು. ಆದುದರಿಂದ ತಟ್ಟುಗಳ ನಡುವೆ 15 ಇಂಚು ಅಂತರ, 11 ಇಂಚು ಆಳ ಇದ್ದರೆ ಕಡತಗಳು ನೆಟ್ಟಗೆ ನಿಲ್ಲುತ್ತವೆ. ಮಲಗಿಸಿಟ್ಟ ಕಡತದ ರಾಶಿಯಲ್ಲಿ ಬೇಕಾದುದು ಯಾವಾಗಲೂ ಅಡಿಯಲ್ಲೇ ಇರುತ್ತದೆ!

ಮಳೆ, ಗೆದ್ದಲು, ಸಿಡಿಲು

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಪೇಟೆಯ ಮಾಸಿಕಗಳ ಚಿತ್ರ ನೋಡಿ ಕಚೇರಿ ಮಾಡಿದರೆ ಆಟಿ ತಿಂಗಳು ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತದೆ. ಕೆಂಪುಕಲ್ಲಿನ ಹೊರಗೋಡೆ ನೀರು ಹೀರುತ್ತದೆ. ಮೇಜು, ಕಪಾಟುಗಳನ್ನು ಗೋಡೆಯಿಂದ ಎರಡು ಇಂಚು ಈಚೆಗಿಟ್ಟು ಗಾಳಿಯಾಡಲು ಬಿಡಬೇಕು. ಸಾಧ್ಯವಾದರೆ ತಟ್ಟುಗಳಿಗೆ ಒಳಗೋಡೆಯನ್ನೇ ಆರಿಸಿಕೊಳ್ಳಿ. ಗೆದ್ದಲು ಗೋಡೆಯ ಬಿರುಕಿನಿಂದ ಸದ್ದಿಲ್ಲದೆ ಬರುತ್ತದೆ. ತಿಂಗಳಿಗೊಮ್ಮೆ ಕಡತಗಳನ್ನು ಎತ್ತಿ ಹಿಂಬದಿ ನೋಡುವ ರೂಢಿ ಇರಲಿ. ಮೂಲ ದಸ್ತಾವೇಜುಗಳು ಕಬ್ಬಿಣದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಇಟ್ಟಿಗೆಯ ಮೇಲೆ. ಅವುಗಳಿಗೆ ಲ್ಯಾಮಿನೇಶನ್ ಮಾಡಿಸುವುದು ಬೇಡ, ಒಮ್ಮೆ ಮಾಡಿಸಿದರೆ ಬಿಡಿಸಲು ಬಾರದು.

ತುಲಾ ತಿಂಗಳ ಸಂಜೆಯ ಗುಡುಗಂತೂ ಎಲ್ಲರಿಗೂ ಗೊತ್ತು. ಮೋಡ ಕಟ್ಟಿದಾಗ ಸ್ವಿಚ್ಚು ಆರಿಸಿದರೆ ಸಾಲದು. ಕಂಪ್ಯೂಟರಿನ ಪ್ಲಗ್ಗನ್ನೂ ಇಂಟರ್‌ನೆಟ್ ಪೆಟ್ಟಿಗೆಗೆ ಬರುವ ತಂತಿಯನ್ನೂ ಸಿಡಿಲು ಹತ್ತಿರವಾಗುವ ಮೊದಲೇ ಕಳಚಿಡಬೇಕು.

ಐದು ಕಡತಗಳು

ಒಂದು ಸಾಮಾನ್ಯ ಕುಟುಂಬಕ್ಕೆ ಐದು ಕಡತಗಳು ಸಾಕು. ಜಾಗ ಮತ್ತು ಮನೆ: ದಸ್ತಾವೇಜಿನ ಪ್ರತಿ, ತೀರ್ವೆ ರಶೀದಿ, ಕಟ್ಟಡ ತೆರಿಗೆ. ಗುರುತು: ಜನನಪತ್ರ, ರೇಶನ್ ಕಾರ್ಡು, ಆಧಾರ್. ವಿದ್ಯಾಭ್ಯಾಸ. ಬ್ಯಾಂಕು ಮತ್ತು ವಿಮೆ. ಐದನೆಯದು ಪತ್ರವ್ಯವಹಾರ. ಬೆನ್ನಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಹೆಸರು ಬರೆದಿಡಿ, ಅಜ್ಜಿಗೂ ಹುಡುಕಲು ಬರಲಿ.

ಗುರುತಿನ ಕಡತದ ಮೊದಲ ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಲಿಪಿಗಳಲ್ಲಿ, ಮನೆ ಹೆಸರು ಸಮೇತ, ದಾಖಲೆಯಲ್ಲಿರುವಂತೆಯೇ ಬರೆದಿಡಬೇಕು. ಐತಪ್ಪ ಎಂಬ ಹೆಸರಿಗೆ ಇಂಗ್ಲಿಷಿನಲ್ಲಿ ‘ಟಿ’ಯ ಬಳಿಕ ‘ಎಚ್’ ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ಅಲೆದಾಡುವ ಕಷ್ಟ ನಮ್ಮ ಹಳ್ಳಿಗಳಲ್ಲಿ ಹೊಸತಲ್ಲ. ಅಕ್ಷಯ ಕೇಂದ್ರಕ್ಕೆ ಹೋಗುವಾಗ ಈ ಹಾಳೆ ಕೈಯಲ್ಲಿದ್ದರೆ ಅರ್ಧ ತೊಂದರೆ ತಪ್ಪಿದಂತೆ.

ಪತ್ರವ್ಯವಹಾರದ ಕಡತಕ್ಕೆ ಶಾಲಾ ಕಚೇರಿಯ ಪದ್ಧತಿಯೇ ಮಾದರಿ. ಕಳುಹಿಸಿದ ಪ್ರತಿಯೊಂದು ಅರ್ಜಿಯ ಪ್ರತಿ, ದಿನಾಂಕ, ರಶೀದಿ ಸಂಖ್ಯೆ, ಬಂದ ಉತ್ತರ, ಇವಿಷ್ಟೂ ಒಟ್ಟಿಗಿರಲಿ. ಕನ್ನಡದಲ್ಲಿ ಕೊಟ್ಟ ಅರ್ಜಿಗೆ ಉತ್ತರ ಬಾರದಿದ್ದಾಗ ಬಾಯಿಮಾತಿನ ದೂರಿಗಿಂತ ಈ ಹಾಳೆಗಳಿಗೆ ತೂಕ ಹೆಚ್ಚು.

ಕೀಲಿಮಣೆಯ ಮೇಲೆ ಕನ್ನಡ

ಕನ್ನಡದಲ್ಲಿ ಟೈಪು ಮಾಡಲು ಬರುವುದಿಲ್ಲವೆಂಬ ಮಾತು ಈಗ ಸಲ್ಲದು. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆಯಲ್ಲಿ ಭಾರತೀಯ ಲಿಪಿಗಳಿಗೆ ಒಂದೇ ಬಗೆಯ ಜೋಡಣೆ. ಮಲಯಾಳದ ‘ಕ’ ಇರುವ ಕೀಲಿಯಲ್ಲೇ ಕನ್ನಡದ ‘ಕ’ ಕೂಡ ಇದೆ. ಅದರಲ್ಲಿ ಮಲಯಾಳ ಟೈಪು ಕಲಿತ ನಮ್ಮ ಮಕ್ಕಳ ಬೆರಳಿಗೆ ಕನ್ನಡವೂ ಅರ್ಧ ಬಂದಂತೆಯೇ. ಭಾಷೆ ಬದಲಿಸಿಕೊಂಡು ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿಸಿದರೆ ಮನೆಯ ಅರ್ಜಿಯನ್ನು ಎಂಟನೆಯ ತರಗತಿಯ ಹುಡುಗಿಯೇ ಬರೆದುಕೊಡುತ್ತಾಳೆ.

ಅಂದವೂ ಬೇಕು

ಅಂದಕ್ಕೆ ಹೆಚ್ಚು ಖರ್ಚು ಬೇಡ. ಗೋಡೆಗೆ ತಿಳಿಬಣ್ಣ, ತಂತಿಗಳನ್ನು ಹಲಗೆಯ ಅಡಿಗೆ ಸೇರಿಸಿ ಕಟ್ಟಿದ ಒಂದು ಕಟ್ಟು, ಪೆನ್ನಿಗೆ ಉಜ್ಜಿ ನಯಗೊಳಿಸಿದ ಗೆರಟೆ, ಬಿಡಿ ಕಾಗದಕ್ಕೆ ಅಡಿಕೆ ಹಾಳೆಯ ತಟ್ಟೆ, ಕಿಟಕಿಗೆ ಹಳೆಯ ಕಾಸರಗೋಡು ಸೀರೆಯ ಪರದೆ. ಹೀಗಿದ್ದರೆ ಮೂಲೆಗೆ ತನ್ನದೇ ಕಳೆ ಬರುತ್ತದೆ.

ಒಂದೇ ಮೇಜಿಗೆ ಮೂವರಿದ್ದರೆ ಹೊತ್ತನ್ನೂ ಹಂಚಿಕೊಳ್ಳಬೇಕು. ಬೆಳಗ್ಗೆ ಮಕ್ಕಳ ಓದು, ಹಗಲು ಮನೆಯಲ್ಲಿದ್ದೇ ದುಡಿಯುವವರ ಕೆಲಸ, ಸಂಜೆ ತಾಯಿಯ ಕುಟುಂಬಶ್ರೀ ಲೆಕ್ಕ. ಮನೆಯೊಡತಿಯ ಪಾಲಿನ ಗಂಟೆ ಎಲ್ಲರದೂ ಮುಗಿದ ಮೇಲಿನ ಉಳಿಕೆಯಾಗಬಾರದು. ಎದ್ದು ಹೋಗುವವರು ಮೇಜು ಖಾಲಿ ಮಾಡಿಯೇ ಹೋಗಬೇಕೆಂಬ ನಿಯಮ ಒಂದಿದ್ದರೆ ಜಗಳವಿಲ್ಲ.

ಓದುಗರು ಬರುವ ಆದಿತ್ಯವಾರ ಒಂದು ಅಳತೆಪಟ್ಟಿ ಹಿಡಿದು ಮನೆಯ ಗೋಡೆಗಳನ್ನು ನೋಡಲಿ. ಮೂರಡಿ ಸಿಕ್ಕಲ್ಲಿ ಹಲಗೆ ಬೀಳಲಿ. ಬಹಳ ದಿನಗಳಿಂದ ಬರೆಯಬೇಕೆಂದು ಮುಂದೂಡುತ್ತ ಬಂದ ಕಾಗದವೊಂದು ಪ್ರತಿ ಮನೆಯಲ್ಲೂ ಇರುತ್ತದೆ. ಆ ಮೇಜಿನ ಮೇಲೆ ಮೊದಲು ಅದನ್ನೇ ಬರೆಯೋಣ, ಕನ್ನಡದಲ್ಲಿ.